ಆರೋಗ್ಯ ಕಾರ್ಡಿನಿಂದ ಮನೆಯ ಮಂಚದವರೆಗೆ: ಬಿಪಿಎಲ್ ಕುಟುಂಬಗಳಿಗೆ ಚಿಕಿತ್ಸೆ ಮತ್ತು ಆರೈಕೆಯ ಸಮಗ್ರ ಮಾರ್ಗದರ್ಶಿ

ಅಮ್ಮನಿಗೆ ಲಕ್ವಾ ಹೊಡೆದಾಗ ಐದು ಲಕ್ಷದ ಆರೋಗ್ಯ ಕಾರ್ಡ್ ನಮ್ಮ ಮನೆಯಲ್ಲಿತ್ತು. ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಅದು ಕೈಹಿಡಿಯಿತು. ಹನ್ನೆರಡನೇ ದಿನ ಡಿಸ್ಚಾರ್ಜ್ ಮಾಡಿದರು. ಮೂಗಿನಲ್ಲಿ ನಳಿಕೆ, ಪಕ್ಕದಲ್ಲಿ ಮೂತ್ರದ ಚೀಲ, ಬಲಗೈ ಬಲಗಾಲು ಆಡುತ್ತಿರಲಿಲ್ಲ. ಅವರನ್ನು ಆಟೊದಲ್ಲಿ ಕೂರಿಸುವುದು ಹೇಗೆ ಅನ್ನುವುದೂ ನಮಗೆ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ಆ ಕಾರ್ಡಿನಲ್ಲಿ ಒಂದು ಡೈಪರ್ ಕೂಡ ಬರುವುದಿಲ್ಲ ಅಂತ ತಿಳಿಯಿತು.

ಆವತ್ತಿನಿಂದ ನಾನು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ. ಆಸ್ಪತ್ರೆಯ ಬಾಗಿಲಿನವರೆಗೆ ಒಂದು ಯೋಜನೆ ಇದೆ. ಬಾಗಿಲಿನಿಂದಾಚೆ ಬೇರೆ ಬೇರೆ ಇಲಾಖೆಗಳ ಆರೇಳು ಸಣ್ಣ ಸಣ್ಣ ಸೌಲಭ್ಯಗಳಿವೆ. ಅವನ್ನು ಯಾರೂ ಕರೆದು ಕೊಡುವುದಿಲ್ಲ, ನಾವೇ ಒಂದೊಂದಾಗಿ ಹುಡುಕಿ ಜೋಡಿಸಿಕೊಳ್ಳಬೇಕು. ಆ ಕೆಲಸ ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಶುರುವಾಗಬೇಕು.

ಮೊದಲು ಕಾರ್ಡ್ ಏನು ಕೊಡುತ್ತದೆ ಅಂತ ತಿಳಿದುಕೊಳ್ಳಿ

ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಬಂದಿತ್ತು. ಅಕ್ಟೋಬರ್‌ನಲ್ಲಿ ಎರಡನ್ನೂ ಸೇರಿಸಿದರು. ಈಗ ಹೆಸರಿನಲ್ಲಿ ‘ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ’ ಅಂತಲೂ ಸೇರಿದೆ. ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಗಮನಿಸಿ, ಒಬ್ಬೊಬ್ಬರಿಗೆ ಐದು ಲಕ್ಷ ಅಂತಲ್ಲ. ಮನೆಯಲ್ಲಿ ಎಷ್ಟು ಜನರಿದ್ದರೂ ಅಷ್ಟೂ ಜನಕ್ಕೆ ಸೇರಿ ಐದು ಲಕ್ಷ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿರುವ ಒಟ್ಟು ದರದ, ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದದ್ದು ಅವರೇ ಕಟ್ಟಬೇಕು. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇತ್ತು ಅನ್ನುವ ಕಾರಣಕ್ಕೆ ಇಲ್ಲಿ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ವಯಸ್ಸಿನ ಮಿತಿಯೂ ಇಲ್ಲ.

ಆದರೆ ಇದು ಒಳರೋಗಿಯಾಗಿ ದಾಖಲಾದವರ ಯೋಜನೆ. ಸುಮ್ನೆ ಒಪಿಡಿಯಲ್ಲಿ ತೋರಿಸಿ ಮಾತ್ರೆ ಬರೆಸಿಕೊಂಡರೆ ಅದಕ್ಕೆ ಸಿಗುವುದಿಲ್ಲ. ಬರೀ ಸ್ಕ್ಯಾನ್, ರಕ್ತಪರೀಕ್ಷೆಗೂ ಸಿಗುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗಿನ ಔಷಧಿ ಮತ್ತು ಸಂಬಂಧಪಟ್ಟ ಪರೀಕ್ಷೆ ಪ್ಯಾಕೇಜ್‌ನಲ್ಲೇ ಸೇರಿರುತ್ತವೆ. ಈ ಹದಿನೈದು ದಿನದ ವಿಷಯವನ್ನು ಕೇಳಿ ಪಡೆಯುವವರು ಬಹಳ ಕಡಿಮೆ. ನೀವು ಕೇಳಿ.

ಕಾಯಿಲೆ ಬರುವ ಮೊದಲೇ ಮಾಡಿ ಮುಗಿಸುವ ಕೆಲಸ

ರೇಷನ್ ಕಾರ್ಡ್, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಒಂದರಲ್ಲಿ ಜಯಮ್ಮ, ಇನ್ನೊಂದರಲ್ಲಿ ಜಯಲಕ್ಷ್ಮಮ್ಮ ಇರುತ್ತದೆ. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು. ಹುಟ್ಟಿದ ವರ್ಷ ಹತ್ತು ವರ್ಷ ಹೆಚ್ಚುಕಮ್ಮಿ. ನಮ್ಮ ಹಳ್ಳಿಗಳ ಹಿರಿಯರ ದಾಖಲೆ ಇರುವುದೇ ಹೀಗೆ ಅಲ್ವಾ? ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಇದೇ ದೊಡ್ಡ ತಲೆನೋವಾಗುತ್ತದೆ. ಈಗಲೇ ಆಧಾರ್ ಕೇಂದ್ರದಲ್ಲಿ ತಿದ್ದಿಸಿ. ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್ ಈಗಲೂ ಮನೆಯಲ್ಲಿ ಯಾರ ಬಳಿಯಾದರೂ ಇದೆಯಾ ನೋಡಿ, ಓಟಿಪಿ ಬರುವುದು ಅದಕ್ಕೇ.

ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರು ಇದೆಯಾ, ಎಲ್ಲರ ಇ-ಕೆವೈಸಿ ಆಗಿದೆಯಾ ಅಂತ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ. ಹೊಸ ಸೊಸೆ, ಹುಟ್ಟಿದ ಮಗು ಸೇರಿರುವುದಿಲ್ಲ. ಬಿಪಿಎಲ್ ಇದ್ದದ್ದು ಎಪಿಎಲ್ ಆಗಿದ್ದರೂ ಮನೆಯವರಿಗೆ ಗೊತ್ತಿರುವುದಿಲ್ಲ. ಏನಾದರೂ ತೊಂದರೆ ಇದ್ದರೆ ತಾಲ್ಲೂಕು ಕಚೇರಿಯಲ್ಲಿರುವ ಆಹಾರ ಶಿರಸ್ತೇದಾರರನ್ನು ನೋಡಿ. ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದರೆ ವೈದ್ಯರ ಪತ್ರ ತೆಗೆದುಕೊಂಡು ಹೋಗಿ, ಬೇಗ ಮಾಡಿಕೊಡಿ ಅಂತ ಕೇಳಿಕೊಳ್ಳಿ.

ಆಮೇಲೆ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ ಪ್ರತಿಯೊಬ್ಬರ ಹೆಸರಿನಲ್ಲೂ ಆರೋಗ್ಯ ಕಾರ್ಡ್ ಮಾಡಿಸಿ. ಸ್ಮಾರ್ಟ್‌ಫೋನ್ ಬಳಸಿ ಅಭ್ಯಾಸ ಇದ್ದರೆ ಆಯುಷ್ಮಾನ್ ಆ್ಯಪ್‌ನಲ್ಲಿ ಮನೆಯಲ್ಲೇ ಮಾಡಬಹುದು. ಕಾರ್ಡ್ ಮಾಡಿಸದೆ ಇರುವಾಗಲೇ ಯಾರಾದರೂ ಹುಷಾರು ತಪ್ಪಿದರೆ ಹೆದರಬೇಡಿ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಹಿಡಿದು ಹೋಗಿ ಆಸ್ಪತ್ರೆಯಲ್ಲೇ ನೋಂದಣಿ ಮಾಡಿ ಅಂತ ಕೇಳಿ.

ಮನೆಯಲ್ಲಿ ಯಾರಿಗಾದರೂ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯಾ ನೋಡಿಕೊಳ್ಳಿ. ಗಾರ್ಮೆಂಟ್ಸ್‌ಗೋ ಫ್ಯಾಕ್ಟರಿಗೋ ಹೋಗುವವರಿಗೆ, ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ, ಸಂಬಳದಲ್ಲಿ ಶೇ. 0.75 ಕಡಿತವಾಗುತ್ತಿರುತ್ತದೆ. ಅವರನ್ನು ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ ಇದೆ, ಒಪಿಡಿ ಔಷಧಿಯೂ ಸಿಗುತ್ತದೆ. ಹಾಲಿನ ಡೇರಿ ಅಥವಾ ಸೊಸೈಟಿ ಸದಸ್ಯರಾಗಿದ್ದರೆ, ಸಹಕಾರ ಸಂಘದ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಯಾವಾಗ ಅಂತ ಕಾರ್ಯದರ್ಶಿಯವರನ್ನು ಕೇಳಿ. ಅದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ.

ಎಪ್ಪತ್ತು ದಾಟಿದವರಿಗೆ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ವಯ ವಂದನಾ ಕಾರ್ಡ್ ತಂದಿತು. ಆದಾಯ ಎಷ್ಟೇ ಇದ್ದರೂ ಹಿರಿಯರಿಗೆ ಬೇರೆಯದೇ ಐದು ಲಕ್ಷ. ಹೋಗುವ ಆಸ್ಪತ್ರೆಯಲ್ಲಿ ಆ ಕಾರ್ಡ್ ನಡೆಯುತ್ತದಾ ಅಂತ ಮುಂಚೆಯೇ ಕೇಳಿಕೊಂಡು ಹೋಗಿ.

ಆಸ್ಪತ್ರೆಗೆ ಹೋಗುವ ದಾರಿ: ರೆಫರಲ್ ಮತ್ತು ತುರ್ತು

ಕರ್ನಾಟಕದಲ್ಲಿ ಕಾರ್ಡ್ ಹಿಡಿದುಕೊಂಡು ಸೀದಾ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ. ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂತಾದರೆ ವೈದ್ಯರು ರೆಫರಲ್ ಕೊಡುತ್ತಾರೆ. ಅದನ್ನು ತೆಗೆದುಕೊಂಡು ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ಹೋಗಬೇಕು. ಮಂಡಿ ಆಪರೇಷನ್, ಕಿಡ್ನಿ ಕಲ್ಲು, ಗರ್ಭಕೋಶದ ಆಪರೇಷನ್‌ನಂಥವು ಎಲ್ಲ ಈ ದಾರಿಯಲ್ಲೇ. ರೆಫರಲ್ ಇಲ್ಲದೆ ಖಾಸಗಿಯಲ್ಲಿ ಸೇರಿ ಆಮೇಲೆ ಓಡಾಡಿದವರನ್ನು ಬಹಳ ನೋಡಿದ್ದೇನೆ.

ತುರ್ತು ಇದ್ದಾಗ ಈ ನಿಯಮ ಇಲ್ಲ. ಹೃದಯಾಘಾತ, ಲಕ್ವಾ, ಅಪಘಾತದಂಥ ಸಂದರ್ಭದಲ್ಲಿ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಿಗೆ ಅಂತ ಬೇರೆ ಊರಿಗೆ ಕರೆದುಕೊಂಡು ಹೋಗಿ ಆ ಗಂಟೆಗಳನ್ನು ಕಳೆಯಬೇಡಿ, ದಯವಿಟ್ಟು. ಲಕ್ಷಣ ಶುರುವಾದ ಹೊತ್ತು ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.

ಎದೆನೋವಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಬೇಕಾದರೆ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೆ. ಹತ್ತಿರದ ಆಸ್ಪತ್ರೆ ಚಿಕ್ಕದು ಅಂತ ಬಿಟ್ಟು ದೂರದ ಊರಿಗೆ ಓಡಬೇಡಿ.

ವಾರ್ಡಿನಲ್ಲಿರುವಾಗ

ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಆರೋಗ್ಯಮಿತ್ರರು ಎಲ್ಲಿ ಕೂರುತ್ತಾರೆ ಅಂತ ಕೇಳಿ. ಯೋಜನೆಯ ಎಲ್ಲ ಕಾಗದ ನಡೆಸುವುದು ಅವರೇ. ಅಡ್ಮಿಷನ್ ಹೊತ್ತಿಗೇ ‘ನಮ್ಮದು ಆರೋಗ್ಯ ಕರ್ನಾಟಕ’ ಅಂತ ಹೇಳಿ. ಎರಡು ದಿನ ಬಿಟ್ಟು ಹೇಳಿದರೆ ‘ನೀವು ಕ್ಯಾಶ್ ಪೇಷಂಟ್ ಅಂತ ದಾಖಲಾಗಿದ್ದೀರಿ’ ಅಂದುಬಿಡುತ್ತಾರೆ. ಆಪರೇಷನ್‌ಗೆ ಮೊದಲು ಅನುಮತಿ ಬಂತಾ ಅಂತ ಕೇಳಿ. ಈ ವರ್ಷದ ಐದು ಲಕ್ಷದಲ್ಲಿ ಎಷ್ಟು ಉಳಿದಿದೆ ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ.

ಬಿಪಿಎಲ್ ರೋಗಿಗೆ ಅನುಮತಿ ಸಿಕ್ಕ ಪ್ಯಾಕೇಜ್ ಅಂದರೆ ಹಾಸಿಗೆ, ಔಷಧಿ, ಆಪರೇಷನ್, ಊಟ ಎಲ್ಲ ಅದರಲ್ಲೇ ಸೇರಿರುತ್ತವೆ. ಆದರೂ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಮ್ಮ ಕೈಗೆ ಔಷಧಿ ಚೀಟಿ ಕೊಟ್ಟು ‘ಇದು ಸ್ಕೀಮಿನಲ್ಲಿ ಬರಲ್ಲ, ಹೊರಗಡೆಯಿಂದ ತನ್ನಿ’ ಅಂದರು. ಗಾಬರಿಯಲ್ಲಿ ನಾನು ತಂದುಕೊಟ್ಟೆ, ಬಿಲ್ಲನ್ನೂ ಎಸೆದೆ. ನೀವು ಹಾಗೆ ಮಾಡಬೇಡಿ. ಮೊದಲು ಆರೋಗ್ಯಮಿತ್ರರ ಹತ್ತಿರ ಹೋಗಿ, ‘ಸರ್, ಇದು ಪ್ಯಾಕೇಜ್‌ನಲ್ಲಿ ಬರಲ್ಲ ಅಂತ ಬರೆದುಕೊಡಿ’ ಅಂತ ಕೇಳಿ. ಬರೆದುಕೊಡಿ ಅಂದಾಗ ಎಷ್ಟೋ ಸಲ ಆ ಔಷಧಿ ಒಳಗಡೆಯಿಂದಲೇ ಬರುತ್ತದೆ. ಕೊಡಲೇಬೇಕಾಗಿ ಬಂದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ದೂರಿಗೆ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪುಟದ ಅರ್ಜಿ ಬರೆದು, ಸ್ವೀಕೃತಿ ಸೀಲ್ ಹಾಕಿಸಿಕೊಂಡರೆ ಇನ್ನೂ ಗಟ್ಟಿ.

ಯೋಜನೆಯಲ್ಲಿ ನಿಜವಾಗಿಯೂ ಬಾರದ ಖರ್ಚು ದೊಡ್ಡದಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ, ರೇಷನ್ ಕಾರ್ಡ್, ಆಧಾರ್ ಹಿಡಿದು ನಿಮ್ಮ ಶಾಸಕರ ಕಚೇರಿಗೆ ಹೋದರೆ ಅಲ್ಲಿ ಬರೆಸಿಕೊಡುತ್ತಾರೆ.

ಡಿಸ್ಚಾರ್ಜ್‌ಗೆ ಎರಡು ದಿನ ಮೊದಲು

ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ‘ನಾಳೆ ಮನೆಗೆ ಹೋಗಬಹುದು’ ಅಂದ ದಿನ ಎಲ್ಲರಿಗೂ ಖುಷಿ, ಗಡಿಬಿಡಿ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಏನೂ ಕಲಿಸಿರುವುದಿಲ್ಲ.

ನಮ್ಮ ಪಕ್ಕದ ಬೆಡ್ಡಿನ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಸಿಸ್ಟರ್ ನನ್ನನ್ನೂ ಕರೆದು ತೋರಿಸಿದರು. ಅಮ್ಮನ ಬಲಗಾಲನ್ನು ಮೊದಲು ಮಡಚಿದರು. ಒಂದು ಕೈ ಭುಜದ ಹಿಂದೆ, ಇನ್ನೊಂದು ಕೈ ಸೊಂಟದ ಹಿಂದೆ ಇಟ್ಟು ಮೆಲ್ಲಗೆ ಉರುಳಿಸಿದರು. ಬೆನ್ನಿಗೆ ಒಂದು ದಿಂಬು, ಎರಡು ಮಂಡಿಗಳ ನಡುವೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೆ ಮಡಿಸಿದ ಟವೆಲ್. ‘ಎಳೀಬೇಡಿ, ಉರುಳಿಸಿ. ಎಳೆದರೆ ಚರ್ಮ ಕಿತ್ತು ಬರತ್ತೆ’ ಅಂದರು. ನಾಲ್ಕು ಸಲ ನನ್ನ ಕೈಯಲ್ಲೇ ಮಾಡಿಸಿದರು. ಮನೆಗೆ ಬಂದ ಮೇಲೆ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೆರಡು ಗಂಟೆಯ ಗೆರೆ ಹಾಕಿ, ಎಡ, ಬೆನ್ನು, ಬಲ ಅಂತ ಬರೆದು ತೂಗುಹಾಕಿದೆವು. ಅಮ್ಮನಿಗೆ ಹಾಸಿಗೆ ಹುಣ್ಣು ಆಗಲಿಲ್ಲ.

ಹಾಗಾಗಿ ನಾಚಿಕೊಳ್ಳದೆ ಕೇಳಿ: ತಿರುಗಿಸುವುದು ಹೇಗೆ? ನಳಿಕೆಯಲ್ಲಿ ಊಟ ಕೊಡುವಾಗ ತಲೆ ಎಷ್ಟು ಎತ್ತರ ಇರಬೇಕು, ಕೊಟ್ಟ ಮೇಲೆ ಎಷ್ಟು ಹೊತ್ತು ಮಲಗಿಸಬಾರದು? ಮೂತ್ರದ ಚೀಲ ಖಾಲಿ ಮಾಡುವುದು, ಕ್ಯಾತಿಟರ್ (ಮೂತ್ರದ ನಳಿಕೆ) ಬದಲಿಸುವುದು ಯಾವಾಗ, ಎಲ್ಲಿ? ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು? ಉತ್ತರವನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಸಿಸ್ಟರ್ ಅನುಮತಿ ಕೇಳಿ.

ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮ್, ರಿಪೋರ್ಟ್‌ಗಳ ಮೂರು ಸೆಟ್ ಜೆರಾಕ್ಸ್ ಮಾಡಿಸಿ. ಮುಂದೆ ಪಿಂಚಣಿಗೆ, ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಇವೇ ಬೇಕಾಗುವುದು. ಹದಿನೈದು ದಿನದ ಔಷಧಿಯನ್ನು ಎಣಿಸಿ ತೆಗೆದುಕೊಳ್ಳಿ.

ಮನೆಗೆ ಬಂದ ಮೊದಲ ವಾರ

ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆಯಿರಿ. ಅವರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಹೆಸರು ಬರೆಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಅಲ್ಲಿ ಉಚಿತ. ರೋಗಿಯೇ ಬರಬೇಕು ಅಂದರೆ ಡಿಸ್ಚಾರ್ಜ್ ಸಮ್ಮರಿ ತೋರಿಸಿ, ಮೇಲೇಳಲು ಆಗುವುದಿಲ್ಲ ಅಂತ ವೈದ್ಯರಿಗೆ ನೇರವಾಗಿ ಹೇಳಿ. ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ನಿಮ್ಮ ಊರಿಗೆ ತಂಡ ಯಾವತ್ತು ಬರುತ್ತದೆ ಅಂತ ಆಶಾ ಅಕ್ಕನನ್ನೇ ಕೇಳಿ.

ಫಿಸಿಯೋಥೆರಪಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತದೆ. ದಿನಾ ಕರೆದುಕೊಂಡು ಹೋಗಲು ಕೂಲಿ ಬಿಡಬೇಕು, ಆಟೊಗೆ ದುಡ್ಡು ಬೇಕು. ಯಾರ ಕೈಯಲ್ಲೂ ಆಗದು. ಹದಿನೈದು ದಿನಕ್ಕೊಮ್ಮೆ ಹೋಗಿ, ಮನೆಯಲ್ಲಿ ಮಾಡುವ ವ್ಯಾಯಾಮ ಕಲಿತು ಬನ್ನಿ. ಲಕ್ವಾ ಆದ ಮೊದಲ ಕೆಲವು ತಿಂಗಳಲ್ಲೇ ಚೇತರಿಕೆ ಜಾಸ್ತಿ, ಆ ದಿನಗಳನ್ನು ಬಿಡಬೇಡಿ.

ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಒಬ್ಬರಿರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರ ಬಗ್ಗೆ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಗಾಲಿಕುರ್ಚಿ, ವಾಕರ್, ಅಂಗವಿಕಲರ ಕಾರ್ಡ್, ಬಸ್ ಪಾಸ್, ಎಲ್ಲದಕ್ಕೂ ದಾರಿ ತೋರಿಸುವವರು ಅವರೇ. ಬಿಪಿಎಲ್ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಗಾಲಿಕುರ್ಚಿ, ಕಿವಿ ಯಂತ್ರ ಉಚಿತವಾಗಿ ಸಿಗುತ್ತವೆ. ತಪಾಸಣಾ ಶಿಬಿರದಲ್ಲಿ ಹೆಸರು ಬರೆಸಬೇಕು, ಶಿಬಿರದ ದಿನ ಗೊತ್ತಾಗುವುದೂ ಇವರಿಂದಲೇ.

ಪ್ರಮಾಣಪತ್ರ, ಪಿಂಚಣಿ

ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್‌ಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಪಾರ್ಕಿನ್ಸನ್, ಮಾನಸಿಕ ಕಾಯಿಲೆ, ತಲಸೇಮಿಯಾ ಕೂಡ ಅದರಲ್ಲಿವೆ. ಲಕ್ವಾ ಆದ ಕೂಡಲೇ ಪ್ರಮಾಣಪತ್ರ ಕೊಡುವುದಿಲ್ಲ. ಕೆಲವು ತಿಂಗಳು ಕಾದು, ಎಷ್ಟು ಚೇತರಿಕೆ ಆಗಿದೆ ನೋಡಿ ಕೊಡುತ್ತಾರೆ. ಅಷ್ಟರಲ್ಲಿ ಉಳಿದ ಕಾಗದ ಹೊಂದಿಸಿಕೊಳ್ಳಿ.

ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ. ಇಲ್ಲೊಂದು ಲೆಕ್ಕ ಹಾಕಬೇಕು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ. ಶೇ. 40ರಿಂದ 74ರವರೆಗೆ ಅಂಗವೈಕಲ್ಯ ಇದ್ದರೆ 800, ಶೇ. 75ಕ್ಕಿಂತ ಜಾಸ್ತಿ ಇದ್ದರೆ 1,400. ಒಬ್ಬರಿಗೆ ಒಂದೇ ಪಿಂಚಣಿ. ಎಪ್ಪತ್ತು ವರ್ಷದ, ಶೇ. 60 ಅಂಗವೈಕಲ್ಯ ಇರುವ ಅಜ್ಜನಿಗೆ ಸಂಧ್ಯಾ ಸುರಕ್ಷಾವೇ ವಾಸಿ. ಅದೇ ಶೇ. 80 ಇದ್ದರೆ ಅಂಗವಿಕಲರ ವೇತನ. ಮಧ್ಯವರ್ತಿಗಳು ಯಾವುದೋ ಒಂದಕ್ಕೆ ಹಾಕಿಬಿಡುತ್ತಾರೆ, ನೀವೇ ನೋಡಿ ಹಾಕಿಸಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆ ಬೇರೆ ಇದೆ. ಅದಕ್ಕೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಬೇಕು.

ಸಾವಿರ ರೂಪಾಯಿಗೆ ಒಬ್ಬರು ಕೂಲಿ ಬಿಟ್ಟು ಮನೆಯಲ್ಲಿ ಕೂರಲು ಆಗುತ್ತದಾ? ಆಗುವುದಿಲ್ಲ. ಮೂರು ದಿನದ ಕೂಲಿ ಅದು. ಆಪರೇಷನ್‌ಗೆ ಲಕ್ಷ ಕೊಡುವ ಸರ್ಕಾರ, ಆಮೇಲಿನ ಆರೈಕೆಯನ್ನು ಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟಿದೆ ಅಂತಲೇ ನನಗೆ ಅನಿಸುವುದು. ಈ ಭತ್ಯೆ ಹೆಚ್ಚಬೇಕು, ಲಕ್ವಾ ಆದವರ ಮನೆಗೂ ಬರಬೇಕು. ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಇದನ್ನು ಕೇಳಬೇಕು.

ಡಯಾಲಿಸಿಸ್, ಕೀಮೋ, ನೋವು

ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ ಕೇಂದ್ರಗಳಿವೆ, ಹತ್ತಿರದ್ದರಲ್ಲಿ ಹೆಸರು ಬರೆಸಿ. ಕ್ಯಾನ್ಸರಿನ ಕೀಮೋ ಚಿಕಿತ್ಸೆಗೆ ಪ್ರತಿ ಸಲ ಬೆಂಗಳೂರಿಗೆ ಹೋಗುವ ಕಷ್ಟ ಕಡಿಮೆ ಮಾಡಲು 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ತೆರೆದಿದ್ದಾರೆ. ಜೊತೆಗೆ ಹೋಗುವವರು ಹೆಂಗಸರಾದರೆ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಉಳಿಯುತ್ತದೆ.

ಕಾಯಿಲೆ ವಾಸಿಯಾಗುವುದಿಲ್ಲ ಅಂತ ಗೊತ್ತಾದ ಮೇಲೆ ‘ಇನ್ನೇನೂ ಮಾಡಲು ಆಗಲ್ಲ, ಮನೆಗೆ ಕರೆದುಕೊಂಡು ಹೋಗಿ’ ಅನ್ನುತ್ತಾರೆ. ಮಾಡುವುದು ಬಹಳ ಇದೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಉಸಿರಾಟದ ಕಷ್ಟಕ್ಕೆ, ಹುಣ್ಣಿನ ವಾಸನೆಗೆ, ಮಲಬದ್ಧತೆಗೆ ಔಷಧಿ ಇದೆ. ಇದನ್ನು ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಇದೇ ಹೆಸರು ಹೇಳಿ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ವಿಭಾಗ ಇದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯನ್ನೂ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವೂ ಬೆಂಗಳೂರಿನಲ್ಲೇ ಇದೆ, 1999ರಿಂದ ನಡೆಯುತ್ತಿದೆ. ಮಾರ್ಫಿನ್ ಅಂದರೆ ಚಟ ಹತ್ತುತ್ತದೆ ಅಂತ ಹೆದರಿ ನೋವಿನಲ್ಲಿ ಬಿಡಬೇಡಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ರಾತ್ರಿ ನಿದ್ದೆ ಬರುತ್ತದೆ, ನಾಲ್ಕು ಮಾತಾಡಲು ಆಗುತ್ತದೆ.

ನೋಡಿಕೊಳ್ಳುವವರೇ ಇಲ್ಲದಿದ್ದರೆ

ಮಕ್ಕಳಿದ್ದೂ ನೋಡದಿದ್ದರೆ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಮಾಸಿಕ ಜೀವನಾಂಶ ಕೊಡಿಸುತ್ತಾರೆ, ವಕೀಲರನ್ನು ಇಟ್ಟುಕೊಳ್ಳಬೇಕಿಲ್ಲ. ಯಾರೂ ಇಲ್ಲದ ಹಿರಿಯರಿಗೆ ಸಹಾಯವಾಣಿ 14567. ಬಡವರ ಪಾಲಿಗೆ, ಮಲಗಿದಲ್ಲೇ ಇರುವವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸರ್ಕಾರಿ ಜಾಗ ಬಹಳ ಕಡಿಮೆ. ವೃದ್ಧಾಶ್ರಮಕ್ಕೆ ಸೇರಿಸುವ ಮುನ್ನ ಎದ್ದು ಓಡಾಡಲು ಆಗದವರನ್ನು ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ.

ನೋಡಿಕೊಳ್ಳುವವರಿಗೆ

ನನ್ನ ಅಕ್ಕ ಏಳು ತಿಂಗಳು ಒಂದು ರಾತ್ರಿಯೂ ಪೂರ್ತಿ ಮಲಗಲಿಲ್ಲ. ಒಂದು ದಿನ ಅನ್ನಕ್ಕೆ ಇಟ್ಟಿದ್ದನ್ನು ಮರೆತು ಹಿತ್ತಲಿನಲ್ಲಿ ಕೂತು ಅಳುತ್ತಿದ್ದಳು. ಅವತ್ತು ನಾವು ರಾತ್ರಿಗಳನ್ನು ಹಂಚಿಕೊಂಡೆವು. ಸೋಮವಾರ, ಗುರುವಾರ ನಾನು. ಭಾನುವಾರ ಚಿಕ್ಕಮ್ಮ. ಇದನ್ನೂ ಕ್ಯಾಲೆಂಡರಿನಲ್ಲೇ ಬರೆದೆವು. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಎಲ್ಲ ಕಾಗದಗಳನ್ನೂ ಒಂದೇ ಫೈಲಿನಲ್ಲಿ ಹಾಕಿ, ಮಂಚದ ಹತ್ತಿರವೇ ಇಡಿ. ಅದರ ಮೇಲೆ ಆರೋಗ್ಯಮಿತ್ರರು, ಆಶಾ, ವಿಆರ್‌ಡಬ್ಲ್ಯು ಮೂವರ ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಬರೆಯಿರಿ. ಮಧ್ಯರಾತ್ರಿ ನೀವು ಇಲ್ಲದಾಗ ಪಕ್ಕದ ಮನೆಯವರಿಗೂ ಅದು ಕಾಣಬೇಕು.